ಗೇರು ಏಕೆ ಬೀಳುವುದಿಲ್ಲ?

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ಸೀಮೆಯಲ್ಲಿ ಕೊಬ್ಬರಿಕಾಯಿಯನ್ನು ಪರೀಕ್ಷಿಸುವ ಕ್ರಮವನ್ನು ವಾಚಕರಲ್ಲಿ ಅನೇಕರು ಕಂಡಿರಬಹುದು. ಬಲಿತ ಕಾಯಿಗಳನ್ನು ಮಟ್ಟೆಯೊಡನೆಯೇ ಅಟ್ಟಕ್ಕೇರಿಸಿ ಹತ್ತು ಹನ್ನೊಂದು ತಿಂಗಳು ಬಿಡುತ್ತಾರೆ. ಒಳಗಿನ ನೀರು ಮೆಲ್ಲಮೆಲ್ಲನೆ ಇಂಗಿ, ತಿರುಳು ಒಣಗಿ, ಕರಟದಿಂದ ಬಿಡಿಸಿಕೊಂಡು ಉಂಡೆ ಕೊಬ್ಬರಿಯಾಗುತ್ತದೆ. ಆದರೆ ಅದು ಆಯಿತೋ ಇಲ್ಲವೋ ಎಂದು ತಿಳಿಯುವುದಕ್ಕಾಗಿ ಯಾರೂ ಕಾಯಿಯನ್ನು ಒಡೆದು ನೋಡುವುದಿಲ್ಲ. ಕೈಗೆತ್ತಿಕೊಂಡು ಕಿವಿಯ ಬಳಿ ಅಲುಗಿಸುತ್ತಾರೆ. ಒಳಗೆ ನೀರು ತುಳುಕಿದರೆ ಒಂದು ಅರ್ಥ. ಗಟ್ಟಿ ಉಂಡೆ ಲೊಡಲೊಡನೆ ಕರಟಕ್ಕೆ ಬಡಿದರೆ ಇನ್ನೊಂದು ಅರ್ಥ. ಅವಸರಪಟ್ಟು ಒಡೆದ ಕಾಯಿ ಮತ್ತೆ ಅಟ್ಟಕ್ಕೆ ಹೋಗುವಂತಿಲ್ಲ.

ಹೊರಗಿನಿಂದಲೇ ಒಳಗನ್ನು ತಿಳಿಯುವ ಈ ವಿದ್ಯೆ ತೆಂಗಿನಕಾಯಿಗೆ ಮಾತ್ರ ಸೀಮಿತವಾದುದಲ್ಲ. ವೈದ್ಯರು ಎದೆಯ ಮೇಲೆ ಬೆರಳಿಟ್ಟು ಬಡಿದು ಕೇಳುವುದೂ ಇದೇ. ಕೆಟ್ಟು ನಿಂತ ಹಳೆಯ ಮೋಟಾರು ಕಾರಿನ ಮುಂದೆ ನಿಂತವನಿಗೆ ಬೇಕಾದುದೂ ಇದೇ. ಇದನ್ನು ನಾವು ಕಣ್ಣಾರೆ ಕಂಡ ಒಂದು ಪ್ರಸಂಗದಿಂದ ವಿವರಿಸಬಹುದು.

ಕಳೆದ ಮಳೆಗಾಲದ ಕೊನೆಯಲ್ಲಿ ನಾವು ತಿಪಟೂರು ತಾಲ್ಲೂಕಿನ ಬಿಳಿಗೆರೆಯಲ್ಲಿ ಪರಿಚಿತರೊಬ್ಬರ ತೋಟದ ಮನೆಗೆ ಹೋಗಿದ್ದೆವು. ಕೊಟ್ಟಿಗೆಯ ಪಕ್ಕದ ತಗಡಿನ ಚಪ್ಪರದಲ್ಲಿ, ಇಪ್ಪತ್ತೈದು ವರ್ಷಗಳನ್ನು ಮೀರಿದ ಮಾರುತಿ 800 ಕಾರೊಂದು ಧೂಳು ಹೊದ್ದು ನಿಂತಿತ್ತು. “ಏಕೆ, ಓಡಿಸುತ್ತಿಲ್ಲವೆ?” ಎಂದು ಕೇಳಿದೆವು.

“ಎರಡು ತಿಂಗಳಾಯ್ತು ಸ್ವಾಮಿ, ಗೇರೇ ಬೀಳ್ತಿಲ್ಲ. ಕರಕರ ಅಂತದೆ. ಗೇರ್‌ಬಾಕ್ಸ್ ಇಳಿಸಬೇಕು ಅಂದವ್ರೆ. ಆ ಖರ್ಚು ಕೇಳಿದ್ರೆ ಗುಜರಿಗೆ ಹಾಕೋದೇ ವಾಸಿ ಅನ್ನಿಸ್ತದೆ” ಎಂದರು ಮನೆಯ ಯಜಮಾನರು.

ಅವರ ಮಡದಿಗೆ ಮಂಡಿನೋವು. ತಿಂಗಳಿಗೊಮ್ಮೆ ತಿಪಟೂರಿನ ಆಸ್ಪತ್ರೆಗೆ ಹೋಗಿಬರಬೇಕು. ತೋಟದ ಮನೆಯಿಂದ ಬಸ್ಸು ಹಿಡಿಯುವ ಜಾಗದವರೆಗೆ ನಡೆಯುವುದು ಆಕೆಯಿಂದ ಆಗದು. ಹೀಗಿರಲು ಆ ಹಳೆಯ ಕಾರು ಆ ಮನೆಗೆ ಕಾಲಿನಂತೆಯೇ ಇತ್ತು. ತಿಪಟೂರಿನ ಕಾಲೇಜಿನಲ್ಲಿ ಓದುತ್ತಿದ್ದ ಮೊಮ್ಮಗನೂ ಅಲ್ಲಿಯೇ ಇದ್ದ. “ಇಳಿಸುವುದಕ್ಕೆ ಮುಂಚೆ ನಾಲ್ಕು ಪ್ರಶ್ನೆ ಕೇಳಿ ನೋಡೋಣ” ಎಂದು ನಾವು ಹೇಳಿದಾಗ ಅವನು ಒಂದು ನೋಟ್‌ಬುಕ್ಕು, ಒಂದು ಅಳತೆಪಟ್ಟಿ ಹಿಡಿದು ಬಂದ. ಪ್ರಶ್ನೆಗಳನ್ನು ಕೇಳುವ ಮುನ್ನ, ಗೇರು ‘ಬೀಳುವುದು’ ಎಂದರೇನೆಂಬುದನ್ನು ವಾಚಕರು ತಿಳಿದುಕೊಳ್ಳಬೇಕು.

ಪೆಟ್ಟಿಗೆಯೊಳಗಿನ ಸಂಗತಿ

ಪೆಟ್ರೋಲು ಎಂಜಿನಿಗೆ ಒಂದು ಸ್ವಭಾವವಿದೆ. ನಿಮಿಷಕ್ಕೆ ಸಾವಿರಾರು ಸುತ್ತು ತಿರುಗುವಾಗ ಅದಕ್ಕೆ ಬಲವುಂಟು. ನಿಧಾನವಾಗಿ ತಿರುಗಿಸಿದರೆ ಸೊರಗುತ್ತದೆ. ಇನ್ನೂ ನಿಧಾನವಾದರೆ ನಿಂತೇಹೋಗುತ್ತದೆ. ಆದರೆ ಕಾರು ನಿಂತ ಸ್ಥಿತಿಯಿಂದ ಹೊರಡಬೇಕು, ಏರನ್ನು ಹತ್ತಬೇಕು, ಬಯಲು ರಸ್ತೆಯಲ್ಲಿ ವೇಗವಾಗಿಯೂ ಓಡಬೇಕು. ಎಂಜಿನಿನ ವೇಗಕ್ಕೂ ಗಾಲಿಯ ವೇಗಕ್ಕೂ ನಡುವೆ ಬೇರೆಬೇರೆ ಅನುಪಾತಗಳನ್ನು ಒದಗಿಸುವುದೇ ಗೇರುಪೆಟ್ಟಿಗೆಯ ಕೆಲಸ. ಸಣ್ಣ ಹಲ್ಲುಚಕ್ರವು ದೊಡ್ಡ ಹಲ್ಲುಚಕ್ರವನ್ನು ತಿರುಗಿಸಿದರೆ ವೇಗ ತಗ್ಗುತ್ತದೆ, ತಿರುಗಿಸುವ ಬಲ ಹೆಚ್ಚುತ್ತದೆ. ಮೊದಲನೆಯ ಗೇರಿನಲ್ಲಿ ಇದರ ಪ್ರಮಾಣ ಹೆಚ್ಚು. ಮೇಲಿನ ಗೇರುಗಳಿಗೆ ಹೋದಂತೆ ಕಡಿಮೆ.

ಆರಂಭದ ಕಾರುಗಳಲ್ಲಿ ಹಲ್ಲುಚಕ್ರಗಳನ್ನೇ ದಂಡದ ಮೇಲೆ ಜಾರಿಸಿ ಒಂದಕ್ಕೊಂದು ಕೂಡಿಸುತ್ತಿದ್ದರು. 1890ರ ದಶಕದಲ್ಲಿ ಫ್ರಾನ್ಸಿನ ಪನಾರ್ ಮತ್ತು ಲೆವಸ್ಸೋರ್ ಸಂಸ್ಥೆಯ ಕಾರುಗಳು ಈ ಜಾರುವ ಗೇರುಗಳನ್ನು ಬಳಕೆಗೆ ತಂದವು. ತಿರುಗುತ್ತಿರುವ ಎರಡು ಹಲ್ಲುಚಕ್ರಗಳನ್ನು ಹೀಗೆ ಸೇರಿಸುವಾಗ ವೇಗ ಸರಿಹೊಂದದಿದ್ದರೆ ಹಲ್ಲುಗಳು ಪರಸ್ಪರ ಕಚ್ಚಾಡುತ್ತವೆ. ಚಾಲಕನಾದವನಿಗೆ ಒಳ್ಳೆಯ ಕಿವಿಯೂ ಕೈಚಳಕವೂ ಬೇಕಿತ್ತು.

ಅನಂತರ ಬಂದ ಪೆಟ್ಟಿಗೆಗಳಲ್ಲಿ ಮುಂದಿನ ಗೇರುಗಳ ಹಲ್ಲುಚಕ್ರಗಳು ಸದಾ ಜೊತೆಗೂಡಿಯೇ ಇರುತ್ತವೆ. ಆದರೆ ಪ್ರತಿಯೊಂದು ಜೋಡಿಯಲ್ಲಿ ಒಂದು ಚಕ್ರವು ತನ್ನ ದಂಡದ ಮೇಲೆ ಸಡಿಲವಾಗಿ, ಬಳೆ ಕೈಯಲ್ಲಿ ತಿರುಗಿದಂತೆ, ಸುಮ್ಮನೆ ತಿರುಗುತ್ತಿರುತ್ತದೆ. ಅದರ ಪಕ್ಕದಲ್ಲಿ ದಂಡದೊಡನೆಯೇ ತಿರುಗುವ ಒಂದು ‘ಜಾರುಬಳೆ’ ಇದೆ. ನಾವು ಗೇರು ಹಿಡಿಯನ್ನು ತಳ್ಳಿದಾಗ ಒಳಗಿನ ಕವೆಯೊಂದು ಈ ಜಾರುಬಳೆಯನ್ನು ಪಕ್ಕಕ್ಕೆ ಸರಿಸುತ್ತದೆ. ಬಳೆಯ ಒಳಹಲ್ಲುಗಳು ಸಡಿಲಚಕ್ರದ ಪಕ್ಕದಲ್ಲಿರುವ ಸಣ್ಣ ಕೊಂಡಿಹಲ್ಲುಗಳಲ್ಲಿ ಸಿಕ್ಕಿಕೊಳ್ಳುತ್ತವೆ. ಸಡಿಲಚಕ್ರ ದಂಡಕ್ಕೆ ಬಿಗಿಯಾಯಿತು. ಬಲ ಹರಿಯಲು ದಾರಿಯಾಯಿತು. ಇದನ್ನೇ ನಾವು ‘ಗೇರು ಬಿತ್ತು’ ಎನ್ನುತ್ತೇವೆ.

ಬಳೆಯೂ ಚಕ್ರವೂ ಬೇರೆಬೇರೆ ವೇಗದಲ್ಲಿದ್ದರೆ ಈ ಹಲ್ಲುಗಳೂ ಕಚ್ಚಾಡುತ್ತವೆ. ಇದನ್ನು ತಪ್ಪಿಸುವ ಉಪಾಯವೇ ಸಿಂಕ್ರೊಮೆಷ್. 1928ರಲ್ಲಿ ಅಮೆರಿಕದ ಕ್ಯಾಡಿಲಾಕ್ ಕಾರಿನಲ್ಲಿ ಅದು ಮೊದಲು ಮಾರಾಟಕ್ಕೆ ಬಂದಿತು. ಇದರ ತತ್ತ್ವ ಸರಳ. ಜಾರುಬಳೆಗೂ ಚಕ್ರಕ್ಕೂ ನಡುವೆ ಸಾಮಾನ್ಯವಾಗಿ ಹಿತ್ತಾಳೆಯಂತಹ ಲೋಹದಿಂದ ಮಾಡಿದ ಶಂಕುವಿನಾಕಾರದ ಉಂಗುರವೊಂದನ್ನು ಇಟ್ಟಿರುತ್ತಾರೆ. ಬಳೆ ಸರಿಯುತ್ತಿದ್ದಂತೆ ಮೊದಲು ಈ ಉಂಗುರ ಚಕ್ರದ ಶಂಕುವನ್ನು ಒತ್ತಿ ಉಜ್ಜುತ್ತದೆ. ಘರ್ಷಣೆಯಿಂದ ಎರಡರ ವೇಗವೂ ಒಂದಾಗುತ್ತದೆ. ಬಳಿಕವೇ ಹಲ್ಲುಗಳು ಕೂಡುತ್ತವೆ.

ಉದಾಹರಣೆಗೆ, ಒಂದು ಪೆಟ್ಟಿಗೆಯಲ್ಲಿ ಎರಡನೆಯ ಗೇರಿನ ಅನುಪಾತ 2.2, ಮೂರನೆಯದು 1.4 ಎಂದಿಟ್ಟುಕೊಳ್ಳೋಣ. ಗಾಲಿಯ ಕಡೆಯ ದಂಡ ನಿಮಿಷಕ್ಕೆ 1000 ಸುತ್ತು ತಿರುಗುತ್ತಿದೆ. ಮೂರನೆಯ ಗೇರಿನಲ್ಲಿ ಎಂಜಿನಿನ ಕಡೆಯ ದಂಡ 1400 ಸುತ್ತು ತಿರುಗುತ್ತದೆ. ಎರಡನೆಯ ಗೇರಿಗೆ ಇಳಿಸಬೇಕಾದರೆ ಅದು 2200 ಸುತ್ತಿಗೆ ಏರಬೇಕು. ಕಣ್ಣು ಮಿಟುಕಿಸುವಷ್ಟರಲ್ಲಿ ಆ ದಂಡದ ವೇಗವನ್ನು 800 ಸುತ್ತಿನಷ್ಟು ಹೆಚ್ಚಿಸುವ ಹೊಣೆ ಆ ಪುಟ್ಟ ಉಂಗುರದ ಮೇಲಿದೆ. ದಂಡ ಹಗುರ, ಆದುದರಿಂದ ಅದು ಸಾಧ್ಯ. ಆದರೆ ಆ ದಂಡಕ್ಕೆ ಇಡೀ ಎಂಜಿನು ಅಂಟಿಕೊಂಡಿದ್ದರೆ? ಆಗ ಉಂಗುರ ಸೋಲುತ್ತದೆ. ಅಂಟಿಕೊಳ್ಳದಂತೆ ನೋಡಿಕೊಳ್ಳುವುದೇ ಕ್ಲಚ್ಚು.

ಒಂದೆರಡು ಮಿಲಿಮೀಟರಿನ ವ್ಯವಹಾರ

ಎಂಜಿನಿನ ಕೊನೆಯಲ್ಲಿ ಫ್ಲೈವೀಲೆಂಬ ಭಾರವಾದ ಚಕ್ರವಿದೆ. ಅದರ ಮುಖಕ್ಕೆ ಎದುರಾಗಿ ಸ್ಪ್ರಿಂಗಿನ ಬಲದಿಂದ ಒತ್ತುವ ಪ್ರೆಷರ್ ಪ್ಲೇಟಿದೆ. ಇವೆರಡರ ನಡುವೆ ಹಪ್ಪಳದಂತೆ ಸಿಕ್ಕಿಕೊಂಡಿರುವುದೇ ಕ್ಲಚ್ ಪ್ಲೇಟು. ಗೇರುಪೆಟ್ಟಿಗೆಗೆ ಬಲವನ್ನು ಒಯ್ಯುವ ದಂಡವು ಈ ಕ್ಲಚ್ ಪ್ಲೇಟಿನ ನಡುವೆ ಕೂಡಿಕೊಂಡಿದೆ. ಪೆಡಲನ್ನು ಒತ್ತಿದರೆ ಪ್ರೆಷರ್ ಪ್ಲೇಟು ಹಿಂದೆ ಸರಿದು ಕ್ಲಚ್ ಪ್ಲೇಟು ಬಿಡುವಾಗುತ್ತದೆ.

ಇಲ್ಲಿ ಗಮನಿಸಬೇಕಾದ ಒಂದು ಸಂಗತಿಯುಂಟು. ನಮ್ಮ ಪಾದ ಹನ್ನೆರಡು ಹದಿನೈದು ಸೆಂಟಿಮೀಟರು ಇಳಿದರೂ ಪ್ರೆಷರ್ ಪ್ಲೇಟು ಹಿಂದೆ ಸರಿಯುವುದು ಒಂದೆರಡು ಮಿಲಿಮೀಟರು ಮಾತ್ರ. ಬಲವಾದ ಸ್ಪ್ರಿಂಗನ್ನು ಕಾಲಿನಿಂದ ಒತ್ತಲು ಸಾಧ್ಯವಾಗಲೆಂದೇ ಸನ್ನೆಗೋಲುಗಳಿಂದ ಹೀಗೆ ಏರ್ಪಡಿಸಿದ್ದಾರೆ. ಇದರ ಫಲವಾಗಿ, ಪೆಡಲಿನ ಚಲನೆಯಲ್ಲಿ ಎಲ್ಲಿಯಾದರೂ ಎರಡು ಮೂರು ಸೆಂಟಿಮೀಟರು ವ್ಯರ್ಥವಾದರೆ, ಆ ಒಂದೆರಡು ಮಿಲಿಮೀಟರಿನ ದೊಡ್ಡ ಪಾಲೇ ನಷ್ಟವಾಗುತ್ತದೆ. ಕ್ಲಚ್ ಪ್ಲೇಟು ಪೂರ್ತಿ ಬಿಡುವಾಗದೆ ಫ್ಲೈವೀಲನ್ನು ಸವರುತ್ತಲೇ ಇರುತ್ತದೆ. ಚಾಲಕ ಪೆಡಲನ್ನು ಪೂರಾ ಒತ್ತಿದ್ದೇನೆಂದು ತಿಳಿದಿರುತ್ತಾನೆ. ಎಂಜಿನು ಮಾತ್ರ ಗೇರಿನ ದಂಡವನ್ನು ತಿರುಗಿಸುತ್ತಲೇ ಇರುತ್ತದೆ.

ಮೊದಲನೆಯ ಪ್ರಶ್ನೆ: ಎಂಜಿನು ನಿಂತಾಗ ಗೇರು ಬೀಳುವುದೆ?

ಈಗ ಬಿಳಿಗೆರೆಯ ಚಪ್ಪರಕ್ಕೆ ಹಿಂತಿರುಗೋಣ. ಎಂಜಿನನ್ನು ಚಾಲೂ ಮಾಡದೆ, ಯಜಮಾನರನ್ನು ಚಾಲಕನ ಸ್ಥಾನದಲ್ಲಿ ಕೂರಿಸಿ, ಕ್ಲಚ್ಚನ್ನು ಒತ್ತಿ ಒಂದೊಂದೇ ಗೇರನ್ನು ಹಾಕಲು ಹೇಳಿದೆವು. ಮೊದಲನೆಯದು ಬಿತ್ತು. ಎರಡು, ಮೂರು, ನಾಲ್ಕು ಸಲೀಸಾಗಿ ಬಿದ್ದವು. ರಿವರ್ಸ್ ಮಾತ್ರ ತಡೆಯಿತು. “ನೋಡಿ, ಇಲ್ಲೇ ತೊಂದರೆ” ಎಂದರು ಅವರು. ಆದರೆ ಕಾರನ್ನು ಒಂದು ಗೇಣಿನಷ್ಟು ಮುಂದಕ್ಕೆ ತಳ್ಳಿದ ಬಳಿಕ ಅದೂ ಬಿತ್ತು. ಎಲ್ಲವೂ ನಿಂತಿರುವಾಗ ಹಲ್ಲಿನ ತುದಿಗೆ ಹಲ್ಲಿನ ತುದಿಯೇ ಎದುರಾಗುವುದುಂಟು. ಅದು ದೋಷವಲ್ಲ, ತುಸು ಅಲುಗಿಸಿದರೆ ಹಲ್ಲು ಸಂದಿಗೆ ಸೇರುತ್ತದೆ.

ಈ ಒಂದು ಪರೀಕ್ಷೆಯಿಂದ ತಿಳಿದುದು ಅಲ್ಪವಲ್ಲ. ಹಿಡಿಯಿಂದ ಪೆಟ್ಟಿಗೆಯವರೆಗಿನ ಸರಳುಗಳು, ಒಳಗಿನ ಕವೆಗಳು, ಜಾರುಬಳೆಗಳು ಇವೆಲ್ಲ ತಮ್ಮ ಸ್ಥಾನಕ್ಕೆ ಹೋಗಿ ಬರುತ್ತಿವೆಯೆಂದು ಸಿದ್ಧವಾಯಿತು. ಒಂದು ಕವೆ ಮುರಿದಿದ್ದರೆ, ಸರಳು ಕಳಚಿದ್ದರೆ, ಎಂಜಿನು ನಿಂತಿದ್ದಾಗಲೂ ಆ ಗೇರು ಬೀಳುತ್ತಿರಲಿಲ್ಲ. ನಿಂತಾಗ ಬಿದ್ದು, ಎಂಜಿನು ತಿರುಗುವಾಗ ಬೀಳದಿದ್ದರೆ, ಎರಡು ಸ್ಥಿತಿಗಳಿಗೂ ಇರುವ ವ್ಯತ್ಯಾಸವೇನು? ಎಂಜಿನಿನ ತಿರುಗಾಟವೊಂದೇ. ಅದನ್ನು ಪೆಟ್ಟಿಗೆಯಿಂದ ಬೇರ್ಪಡಿಸಬೇಕಾದುದು ಕ್ಲಚ್ಚು. ಸಂಶಯದ ಬೆರಳು ಅದರತ್ತ ತಿರುಗಿತು. ಮೊಮ್ಮಗ ತನ್ನ ಪುಸ್ತಕದಲ್ಲಿ ‘ಎಂಜಿನು ನಿಂತಾಗ: ಐದೂ ಸರಿ’ ಎಂದು ಬರೆದುಕೊಂಡ.

ಎರಡನೆಯ ಪ್ರಶ್ನೆ: ಕಾದು ಹಾಕಿದರೂ ರಿವರ್ಸ್ ಕರಕರ ಎನ್ನುವುದೆ?

ಸಂಶಯ ಸಾಲದು, ಸಾಕ್ಷ್ಯ ಬೇಕು. ಅದಕ್ಕೆ ರಿವರ್ಸ್ ಗೇರು ಒಳ್ಳೆಯ ಸಾಕ್ಷಿ. ಬಹುತೇಕ ಹಳೆಯ ಕಾರುಗಳಲ್ಲಿ ಅದಕ್ಕೆ ಸಿಂಕ್ರೊಮೆಷ್ ಇರುವುದಿಲ್ಲ. ಒಳಗಿನ ದಂಡ ಸ್ವಲ್ಪ ತಿರುಗುತ್ತಿದ್ದರೂ ಅದು ಮುಚ್ಚಿಡದೆ ಕೂಗಿ ಹೇಳುತ್ತದೆ.

ಪರೀಕ್ಷೆ ಹೀಗೆ. ಕಾರನ್ನು ಸಮತಟ್ಟಾದ ಬಯಲಿಗೆ ತರಬೇಕು. ಮುಂದೆ ಹಿಂದೆ ಯಾರೂ ನಿಲ್ಲಬಾರದು. ಗೋಡೆಯಾಗಲಿ ಬಾವಿಯಾಗಲಿ ಹತ್ತಿರವಿರಬಾರದು. ಕ್ಲಚ್ಚು ಬಿಡದ ಕಾರು ಗೇರು ಬಿದ್ದ ಕ್ಷಣವೇ ನೆಗೆಯಬಹುದು. ಈ ಎಚ್ಚರವನ್ನು ವಿದ್ಯಾರ್ಥಿಗಳು ಎಂದಿಗೂ ಮರೆಯಬಾರದು. ಕೈಬ್ರೇಕನ್ನು ಹಾಕಿ, ಕಾಲಿನ ಬ್ರೇಕನ್ನೂ ಒತ್ತಿ, ಎಂಜಿನನ್ನು ನಿಧಾನಗತಿಯಲ್ಲಿ ಬಿಡಬೇಕು. ಕ್ಲಚ್ಚನ್ನು ಪೂರಾ ಒತ್ತಿ ಮನಸ್ಸಿನಲ್ಲೇ ಹತ್ತರವರೆಗೆ ಎಣಿಸಬೇಕು. ಬಳಿಕ ಮೆಲ್ಲನೆ ರಿವರ್ಸ್ ಹಾಕಬೇಕು.

ಎಣಿಸುವುದೇಕೆ? ಕ್ಲಚ್ಚನ್ನು ಒತ್ತಿದೊಡನೆ ದಂಡ ನಿಲ್ಲುವುದಿಲ್ಲ. ತನ್ನ ಜಡತ್ವದಿಂದ ಸ್ವಲ್ಪ ಹೊತ್ತು ತಿರುಗುತ್ತದೆ. ಗೇರೆಣ್ಣೆಯ ತಡೆಯಿಂದ ಕೆಲವೇ ಸೆಕೆಂಡುಗಳಲ್ಲಿ ಅದು ನಿಲ್ಲಬೇಕು. ಹತ್ತು ಎಣಿಸಿದ ಮೇಲೆಯೂ ಕರಕರ ಸದ್ದು ಬಂದರೆ ಯಾವುದೋ ಶಕ್ತಿ ಅದನ್ನು ಇನ್ನೂ ತಿರುಗಿಸುತ್ತಿದೆಯೆಂದೇ ಅರ್ಥ.

ಲೆಕ್ಕವನ್ನೂ ನೋಡಬಹುದು. ನಿಧಾನಗತಿಯಲ್ಲಿ ಎಂಜಿನು ನಿಮಿಷಕ್ಕೆ 900 ಸುತ್ತು ತಿರುಗುತ್ತಿದ್ದು, ಮೊದಲನೆಯ ಗೇರಿನ ಅನುಪಾತ 3.6 ಆಗಿದ್ದರೆ, ಕ್ಲಚ್ಚು ಬಿಡದಿದ್ದಾಗ ಮೊದಲನೆಯ ಗೇರಿನ ಸಡಿಲಚಕ್ರ 250 ಸುತ್ತು ತಿರುಗುತ್ತಿರುತ್ತದೆ. ನಿಂತ ಕಾರಿನ ಗಾಲಿಗೆ ಸೇರಿದ ಜಾರುಬಳೆಯ ವೇಗ ಸೊನ್ನೆ. 250ಕ್ಕೂ ಸೊನ್ನೆಗೂ ಹೊಂದಾಣಿಕೆ ಎಲ್ಲಿಯದು?

ಬಿಳಿಗೆರೆಯ ಕಾರು ಹತ್ತು ಎಣಿಸಿದ ಮೇಲೂ, ಇಪ್ಪತ್ತು ಎಣಿಸಿದ ಮೇಲೂ ಕರಕರ ಎಂದಿತು. ಕ್ಲಚ್ಚಿನ ಮೇಲಿನ ಆರೋಪ ಗಟ್ಟಿಯಾಯಿತು.

ಮೂರನೆಯ ಪ್ರಶ್ನೆ: ಎಲ್ಲ ಗೇರುಗಳೂ ಹೀಗೆಯೇ? ಒಂದೇ ಗೇರೆ?

ನಮ್ಮ ಕಾರಿನಲ್ಲಿ ಎಲ್ಲ ಗೇರುಗಳಿಗೂ ಒಂದೇ ತೊಂದರೆ. ಎಲ್ಲಕ್ಕೂ ಸಮಾನವಾದ ದೋಷವನ್ನು ಎಲ್ಲಕ್ಕೂ ಸಮಾನವಾದ ಅಂಗದಲ್ಲಿಯೇ ಹುಡುಕಬೇಕು. ಒಂದು ತೋಟದ ಮರಗಳೆಲ್ಲ ಒಮ್ಮೆಗೇ ಬಾಡಿದರೆ ನೀರನ್ನು ನೋಡುತ್ತೇವೆ. ಒಂದೇ ಮರ ಬಾಡಿದರೆ ಅದರ ಬುಡವನ್ನು ನೋಡುತ್ತೇವೆ. ಇದೂ ಹಾಗೆಯೇ.

ಬೇರೆ ಕಾರುಗಳಲ್ಲಿ ಉತ್ತರ ಬೇರೆಯಾಗಬಹುದು. ಉಳಿದ ಗೇರುಗಳೆಲ್ಲ ಸರಿಯಿದ್ದು, ಓಡುವಾಗ ಮೂರರಿಂದ ಎರಡಕ್ಕೆ ಇಳಿಸುವಾಗ ಮಾತ್ರ ಸದ್ದು ಬರುವುದಾದರೆ, ಆ ಗೇರಿನ ಸಿಂಕ್ರೊಮೆಷ್ ಉಂಗುರ ಸವೆದಿರುವ ಸಂಭವ ಹೆಚ್ಚು. ಇದನ್ನು ಖಚಿತಪಡಿಸಿಕೊಳ್ಳಲು ಹಳೆಯ ಲಾರಿ ಚಾಲಕರ ಉಪಾಯವಿದೆ. ಕ್ಲಚ್ಚನ್ನು ಒತ್ತಿ ಗೇರನ್ನು ನಡುವಿಗೆ ತಂದು, ಕ್ಲಚ್ಚನ್ನು ಬಿಟ್ಟು, ಆಕ್ಸಿಲರೇಟರನ್ನು ತುಸು ಒತ್ತಿ ದಂಡದ ವೇಗವನ್ನು ಏರಿಸಿ, ಮತ್ತೆ ಕ್ಲಚ್ಚನ್ನು ಒತ್ತಿ ಕೆಳಗಿನ ಗೇರನ್ನು ಹಾಕುವುದು. ಉಂಗುರ ಮಾಡಬೇಕಾದ ಕೆಲಸವನ್ನು ಇಲ್ಲಿ ಚಾಲಕನ ಕಾಲೇ ಮಾಡಿತು. ಹೀಗೆ ಮಾಡಿದಾಗ ಸದ್ದಿಲ್ಲದೆ ಗೇರು ಬಿದ್ದರೆ ದೋಷ ಆ ಉಂಗುರದ್ದೆಂದು ನಂಬಬಹುದು. ಅದನ್ನು ಬದಲಾಯಿಸಲು ಪೆಟ್ಟಿಗೆಯನ್ನು ಬಿಚ್ಚಲೇಬೇಕು. ಆದರೆ ಈಗ ಬಿಚ್ಚುವವನಿಗೆ ತಾನು ಹುಡುಕುವುದೇನೆಂದು ಗೊತ್ತಿದೆ.

ಆದರೆ ಮೊದಲನೆಯ ಗೇರಿನ ವಿಷಯದಲ್ಲಿ ಒಂದು ಎಚ್ಚರ. ಅಂಬಾಸಡರ್, ಫಿಯೆಟ್ 1100 ಮೊದಲಾದ ಹಿಂದಿನ ಕಾರುಗಳ ಪೆಟ್ಟಿಗೆಗಳಲ್ಲಿ ಎರಡು, ಮೂರು, ನಾಲ್ಕನೆಯ ಗೇರುಗಳಿಗೆ ಸಿಂಕ್ರೊಮೆಷ್ ಇದ್ದು, ಮೊದಲನೆಯದಕ್ಕೆ ಇರಲಿಲ್ಲ. ಅಂತಹ ಕಾರು ಓಡುತ್ತಿರುವಾಗಲೇ ಮೊದಲನೆಯ ಗೇರನ್ನು ಹಾಕಹೋಗಿ ಸದ್ದು ಬಂದಿತೆಂದರೆ ಅದು ಕಾರಿನ ದೋಷವಲ್ಲ.

ಈ ಎರಡು ಕಾರುಗಳಲ್ಲಿ ಗೇರು ಹಿಡಿ ಸ್ಟಿಯರಿಂಗ್ ಚಕ್ರದ ಕೆಳಗೇ ಇರುತ್ತಿತ್ತು. ಅಲ್ಲಿಂದ ಸರಳುಗಳೂ ಸನ್ನೆಗಳೂ ಹಲವು ಕೀಲುಗಳನ್ನು ದಾಟಿ ಪೆಟ್ಟಿಗೆಯನ್ನು ಮುಟ್ಟಬೇಕು. ಆರು ಕೀಲುಗಳಲ್ಲಿ ತಲಾ ಒಂದು ಮಿಲಿಮೀಟರು ಸಡಿಲವಿದ್ದರೆ ಒಟ್ಟು ಆರು ಮಿಲಿಮೀಟರಿನ ಚಲನೆ ದಾರಿಯಲ್ಲೇ ಕಳೆದುಹೋಗುತ್ತದೆ. ಹಿಡಿ ಬಂದು ನಿಂತಂತೆ ಕೈಗೆ ತೋರುತ್ತದೆ; ಒಳಗಿನ ಬಳೆ ಅರ್ಧ ದಾರಿಯಲ್ಲಿರುತ್ತದೆ. ಹೀಗೆ ಅರ್ಧ ಬಿದ್ದ ಗೇರು ಓಡುವಾಗ ತಾನಾಗಿ ಹೊರಕ್ಕೆ ಚಿಮ್ಮುವುದುಂಟು. ಇಂತಹ ಕಾರಿನಲ್ಲಿ ಎಂಜಿನು ನಿಂತಾಗಲೂ ಗೇರು ಸರಿಯಾಗಿ ಬೀಳುವುದಿಲ್ಲ. ಮೊದಲನೆಯ ಪ್ರಶ್ನೆಯೇ ಇದನ್ನು ಹೊರಗೆಡವುತ್ತದೆ. ಒಬ್ಬರು ಒಳಗೆ ಕುಳಿತು ಹಿಡಿಯನ್ನು ಆಡಿಸುತ್ತಿರಲು, ಇನ್ನೊಬ್ಬರು ಬಾನೆಟ್ಟನ್ನು ಎತ್ತಿ ಸರಳುಗಳನ್ನು ನೋಡಿದರೆ, ಯಾವ ಕೀಲಿನ ಬುಷ್ ಸವೆದಿದೆಯೆಂದು ಕಣ್ಣಿಗೇ ಕಾಣುತ್ತದೆ. ಮಾರುತಿ 800ರಂತಹ ಕಾರಿನಲ್ಲಿ ಹಿಡಿ ನೆಲದ ಮೇಲಿದ್ದರೂ, ಅಡಿಯಲ್ಲಿ ಸರಳು, ಬುಷ್‌ಗಳು ಇದ್ದೇ ಇರುತ್ತವೆ.

ಬೆಳಗಿನ ಚಳಿಯಲ್ಲಿ ಎಲ್ಲ ಗೇರುಗಳೂ ಬಿಗಿಯಾಗಿದ್ದು, ನಾಲ್ಕಾರು ಮೈಲಿ ಓಡಿದ ಮೇಲೆ ಸಡಿಲವಾದರೆ ಎಣ್ಣೆಯನ್ನು ಶಂಕಿಸಬೇಕು. ಮಂದವಾದ ಎಣ್ಣೆ ತಂಪಾಗಿದ್ದಾಗ ಉಂಗುರಕ್ಕೂ ಶಂಕುವಿಗೂ ನಡುವಿನಿಂದ ಬೇಗ ಸರಿದುಹೋಗುವುದಿಲ್ಲ. ಘರ್ಷಣೆ ಹುಟ್ಟುವುದು ತಡವಾಗುತ್ತದೆ. ಅದೂ ಅಲ್ಲದೆ, ಕೆಲವು ಗೇರೆಣ್ಣೆಗಳಲ್ಲಿ ಬೆರೆಸಿರುವ ಗಂಧಕದ ಸಂಯುಕ್ತಗಳು ಹಿತ್ತಾಳೆಯ ಉಂಗುರಗಳಿಗೆ ಹಾನಿ ಮಾಡಬಲ್ಲವು. ಆದುದರಿಂದ ತಯಾರಕರು ಕೈಪಿಡಿಯಲ್ಲಿ ಹೇಳಿರುವ ಎಣ್ಣೆಯನ್ನೇ ಹಾಕಬೇಕು.

ನಾಲ್ಕನೆಯ ಪ್ರಶ್ನೆ: ಎಂದು ಆರಂಭವಾಯಿತು?

ದೋಷ ಕ್ಲಚ್ಚಿನ ಕಡೆಗಿದೆಯೆಂದು ಗೊತ್ತಾದರೂ, ಕ್ಲಚ್ಚೆಂಬುದು ಒಂದೇ ವಸ್ತುವಲ್ಲ. ಪೆಡಲಿನಿಂದ ಕ್ಲಚ್ ಪ್ಲೇಟಿನವರೆಗೆ ಅದೊಂದು ಸರಪಳಿ. ಕೆಲವು ಕಾರುಗಳಲ್ಲಿ ಪೆಡಲಿನ ಒತ್ತಡವನ್ನು ದ್ರವ ಒಯ್ಯುತ್ತದೆ. ಅಂತಹ ಕಡೆ ಪೆಡಲನ್ನು ಬೇಗಬೇಗ ನಾಲ್ಕೈದು ಸಲ ಒತ್ತಿದ ಬಳಿಕ ಗೇರು ಬಿದ್ದರೆ, ಕೊಳವೆಯಲ್ಲಿ ಗಾಳಿ ಸೇರಿದೆ ಅಥವಾ ದ್ರವ ಸೋರುತ್ತಿದೆ ಎಂದು ಊಹಿಸಬಹುದು. ಮಾರುತಿ 800ರಲ್ಲಿ ದ್ರವವಿಲ್ಲ. ಸೈಕಲ್ಲಿನ ಬ್ರೇಕಿನಲ್ಲಿರುವಂತಹ ಉಕ್ಕಿನ ಕೇಬಲ್ಲಿದೆ. ಕಾಲಾಂತರದಲ್ಲಿ ಕೇಬಲ್ಲು ಹಿಗ್ಗಬಹುದು. ಅದರ ಎಳೆಗಳು ಒಂದೊಂದಾಗಿ ಕಡಿಯಬಹುದು. ಕ್ಲಚ್ ಪ್ಲೇಟು ಬಾಗಿರಬಹುದು. ದಂಡದ ತುದಿಯನ್ನು ಎಂಜಿನಿನ ಕಡೆ ಹಿಡಿದಿರುವ ಸಣ್ಣ ಬೇರಿಂಗು ಬಿಗಿಹಿಡಿದರೆ, ಕ್ಲಚ್ ಪ್ಲೇಟು ಪೂರ್ತಿ ಬಿಟ್ಟಿದ್ದರೂ ಎಂಜಿನು ದಂಡವನ್ನು ತಿರುಗಿಸುತ್ತಲೇ ಇರಬಹುದು.

ಇಲ್ಲಿ ನಾವೇ ಒಂದು ತಪ್ಪು ಊಹೆಯನ್ನು ಮಾಡಿದೆವು. ಮಳೆಗಾಲದಲ್ಲಿ ಬಹುಕಾಲ ನಿಂತ ಕಾರುಗಳಲ್ಲಿ ಕ್ಲಚ್ ಪ್ಲೇಟು ತುಕ್ಕಿನಿಂದ ಫ್ಲೈವೀಲಿಗೆ ಅಂಟಿಕೊಳ್ಳುವುದುಂಟು. ಇದೂ ಅದೇ ಇರಬೇಕೆಂದು ತಾತನಿಗೂ ಮೊಮ್ಮಗನಿಗೂ ಹೇಳಿಬಿಟ್ಟೆವು. ಮೊಮ್ಮಗ ಪುಸ್ತಕ ನೋಡುತ್ತ, “ಆದರೆ ಸಾರ್, ಗೇರು ಬೀಳೋದು ನಿಂತ ಮೇಲೆ ತಾನೆ ಕಾರು ನಿಂತಿದ್ದು? ನಿಂತಿದ್ದರಿಂದ ಗೇರು ಕೆಟ್ಟಿದ್ದಲ್ಲವಲ್ಲ” ಎಂದ. ಅವನ ಮಾತು ಸರಿಯಾಗಿತ್ತು. ಕಾರಣ ಮೊದಲು, ಕಾರ್ಯ ಬಳಿಕ. ನಾವು ಅದನ್ನು ತಿರುಗುಮುರುಗು ಮಾಡಿದ್ದೆವು.

ಆದುದರಿಂದ ಯಜಮಾನರನ್ನೇ ಕೇಳಿದೆವು: ತೊಂದರೆ ಮೆಲ್ಲನೆ ಬಂದಿತೆ, ಒಮ್ಮೆಗೇ ಬಂದಿತೆ? ಅವರು ಯೋಚಿಸಿ ಹೇಳಿದ ಉತ್ತರದಲ್ಲಿ ಎರಡು ಭಾಗಗಳಿದ್ದವು. ಒಂದು ವರ್ಷದಿಂದ ಗೇರು ಸ್ವಲ್ಪಸ್ವಲ್ಪವೇ ಬಿಗಿಯಾಗುತ್ತ ಬಂದಿತ್ತು. ಆದರೆ ಮಳೆ ಹಿಡಿದ ವಾರದಲ್ಲಿ ಒಂದು ದಿನ ಇದ್ದಕ್ಕಿದ್ದಂತೆ ಪೂರಾ ಕೆಟ್ಟಿತು. ಮೆಲ್ಲನೆ ಬಂದುದಕ್ಕೆ ಕೇಬಲ್ಲು ಸಡಿಲಗೊಂಡುದು ಕಾರಣವಿರಬಹುದು. ಒಮ್ಮೆಗೇ ಬಂದುದಕ್ಕೆ?

“ಆ ವಾರ ಕಾರಿಗೆ ಏನಾದರೂ ಮಾಡಿಸಿದಿರಾ?”

“ಏನೂ ಇಲ್ಲ ಸ್ವಾಮಿ. ತೋಟದ ಕೆಸರು ಕಾಲಲ್ಲೇ ಹತ್ತಿ ಇಳಿದು ಒಳಗೆಲ್ಲ ಗಲೀಜಾಗ್ತದೆ ಅಂತ ಒಂದು ನಾರಿನ ಚಾಪೆ ಹಾಕಿದೆ, ಅಷ್ಟೆ.”

ಎಲ್ಲರ ಕಣ್ಣೂ ಒಮ್ಮೆಗೇ ಕೆಳಕ್ಕೆ ಹೋಯಿತು. ಪೆಡಲುಗಳ ಅಡಿಯಲ್ಲಿ ಎರಡು ಬೆರಳಿನ ದಪ್ಪದ ತೆಂಗಿನ ನಾರಿನ ಚಾಪೆ, ಮುಂದಕ್ಕೆ ಸರಿದು ಮಡಿಸಿಕೊಂಡು ಕುಳಿತಿತ್ತು! ಮೊಮ್ಮಗ ಅಳತೆಪಟ್ಟಿಯನ್ನು ಹಿಡಿದ. ಚಾಪೆಯಿದ್ದಾಗ ಪೆಡಲು ಇಳಿಯುತ್ತಿದ್ದುದಕ್ಕೂ, ಅದನ್ನು ತೆಗೆದ ಮೇಲೆ ಇಳಿದುದಕ್ಕೂ ಮೂರು ಸೆಂಟಿಮೀಟರಿನ ಅಂತರವಿತ್ತು. ಕಾಲು ತಡೆದುದನ್ನು ಯಜಮಾನರು ಕಾರಿನ ನೆಲವೆಂದೇ ತಿಳಿದಿದ್ದರು. ನೋಡಲು ಬಂದವರೂ ಹಾಗೆಯೇ ತಿಳಿದಿದ್ದರು.

ಎರಡು ಸಣ್ಣ ದೋಷಗಳು ಕೂಡಿ ಒಂದು ದೊಡ್ಡ ದೋಷ

ಚಾಪೆಯನ್ನು ತೆಗೆದು, ಎಂಜಿನನ್ನು ಚಾಲೂ ಮಾಡಿ, ಹತ್ತು ಎಣಿಸಿ ರಿವರ್ಸ್ ಹಾಕಿದೆವು. ಗೇರು ಬಿತ್ತು; ಆದರೆ ಒಮ್ಮೆ ‘ಕರ್’ ಎಂದೇ ಬಿತ್ತು. ಅರ್ಧ ಗೆದ್ದಂತಾಯಿತು. ಇನ್ನರ್ಧ ಕೇಬಲ್ಲಿನಲ್ಲಿತ್ತು. ಪೆಡಲನ್ನು ಬೆರಳಿನಿಂದ ಒತ್ತಿ ನೋಡಿದರೆ, ಆರಂಭದಲ್ಲಿ ಯಾವ ತಡೆಯೂ ಇಲ್ಲದೆ ಬಹುದೂರ ಇಳಿಯುತ್ತಿತ್ತು. ಈ ಸಡಿಲ ಸ್ವಲ್ಪ ಇರಲೇಬೇಕು. ಕೇಬಲ್ಲಿನ ಕ್ಲಚ್ಚುಗಳಲ್ಲಿ ಅದು ಸಾಮಾನ್ಯವಾಗಿ ಎರಡು ಸೆಂಟಿಮೀಟರಿನ ಆಸುಪಾಸಿನಲ್ಲಿರುತ್ತದೆ. ನಿಖರವಾದ ಅಳತೆ ಆಯಾ ಕಾರಿನ ಕೈಪಿಡಿಯಲ್ಲಿ ದೊರೆಯುತ್ತದೆ. ಸಡಿಲವೇ ಇಲ್ಲದಿದ್ದರೆ ಕ್ಲಚ್ ಪ್ಲೇಟು ಪೂರ್ತಿ ಹಿಡಿಯದೆ ಜಾರಿ, ಸುಟ್ಟು ಸವೆಯುತ್ತದೆ. ಅತಿಯಾದರೆ ಪೂರ್ತಿ ಬಿಡುವುದಿಲ್ಲ. ನಮ್ಮ ಕಾರಿನಲ್ಲಿ ಅತಿಯಾಗಿತ್ತು.

ಎಂಜಿನನ್ನು ನಿಲ್ಲಿಸಿ ಬಾನೆಟ್ಟಿನ ಕೆಳಗೆ ಕೇಬಲ್ಲಿನ ತುದಿಯಲ್ಲಿರುವ ತಿರುಪನ್ನು ಒಂದೊಂದೇ ಸುತ್ತು ಬಿಗಿದು, ಪ್ರತಿ ಸಲವೂ ಪೆಡಲನ್ನು ಅಳೆದೆವು. ಸಡಿಲ ಹದಕ್ಕೆ ಬಂದ ಮೇಲೆ ಮತ್ತೆ ಪರೀಕ್ಷೆ. ಎಂಜಿನು ಗುನುಗುತ್ತಿತ್ತು, ಎಣಿಕೆ ಐದು ಮುಟ್ಟುವಷ್ಟರಲ್ಲಿಯೇ ರಿವರ್ಸ್ ಸದ್ದಿಲ್ಲದೆ ಬಿತ್ತು. ಒಂದು, ಎರಡು, ಮೂರು, ನಾಲ್ಕು ಎಲ್ಲವೂ ಬಿದ್ದವು. ಕೇಬಲ್ಲಿನ ತುದಿಯಲ್ಲಿ ಎರಡು ಮೂರು ಎಳೆಗಳು ಕಡಿದಿದ್ದುದರಿಂದ, ಅದನ್ನು ಬೇಗನೆ ಬದಲಾಯಿಸಬೇಕೆಂದು ತಿಳಿಸಿದೆವು. ಹೊಸ ಕೇಬಲ್ಲಿನ ಬೆಲೆ ಒಂದು ಚೀಲ ಕೊಬ್ಬರಿಯ ಬೆಲೆಯ ಒಂದು ಸಣ್ಣ ಅಂಶ. ಗೇರುಪೆಟ್ಟಿಗೆಯ ಒಂದು ತಿರುಪನ್ನೂ ನಾವು ಮುಟ್ಟಿರಲಿಲ್ಲ.

ಇದನ್ನು ಓದಿದವರು ‘ಎಲ್ಲ ಕಾರುಗಳಲ್ಲಿಯೂ ಚಾಪೆಯೇ ಕಾರಣ’ ಎಂದು ತಿಳಿಯಬಾರದು. ಪೆಟ್ಟಿಗೆಯನ್ನು ಬಿಚ್ಚಲೇಬೇಕಾದ ಸಂದರ್ಭಗಳು ಉಂಟು. ಅಂತಹ ಕೆಲಸ ನುರಿತ ಮೆಕ್ಯಾನಿಕ್ಕಿನದು. ಆದರೆ ಪ್ರಶ್ನೆಗಳ ಅನುಕ್ರಮವನ್ನು ವಾಚಕರು ನೆನಪಿಡಬೇಕು. ಎಂಜಿನು ನಿಂತಾಗ ಬೀಳುವುದೆ ಎಂಬುದು ಪೆಟ್ಟಿಗೆ, ಸರಳುಗಳನ್ನು ಒಂದು ಕಡೆಗೂ ಕ್ಲಚ್ಚನ್ನು ಇನ್ನೊಂದು ಕಡೆಗೂ ಬೇರ್ಪಡಿಸುತ್ತದೆ. ಕಾದು ಹಾಕಿದ ರಿವರ್ಸ್ ಅದಕ್ಕೆ ಸಾಕ್ಷ್ಯ ನುಡಿಯುತ್ತದೆ. ಎಲ್ಲವೋ ಒಂದೋ ಎಂಬುದು ಸಾಮಾನ್ಯ ದೋಷವನ್ನು ಬಿಡಿ ದೋಷದಿಂದ ಬಿಡಿಸುತ್ತದೆ. ಎಂದು, ಹೇಗೆ ಆರಂಭವಾಯಿತೆಂಬುದು ಉಳಿದ ಕಾರಣಗಳಲ್ಲಿ ಯಾವುದು ಮೊದಲೆಂದು ತೋರಿಸುತ್ತದೆ. ಪ್ರತಿ ಪ್ರಶ್ನೆಯೂ ಹುಡುಕಬೇಕಾದ ಜಾಗವನ್ನು ಕಿರಿದು ಮಾಡುತ್ತದೆ. ಇವುಗಳಲ್ಲಿ ಒಂದಕ್ಕೂ ಹಣ ಬೇಕಾಗಿಲ್ಲ. ಒಂದು ಬಾರಿಗೆ ಒಂದನ್ನೇ ಬದಲಿಸಿ, ಫಲವನ್ನು ಬರೆದಿಟ್ಟುಕೊಳ್ಳುವ ಶಿಸ್ತೊಂದು ಬೇಕು. ಚಾಪೆಯನ್ನು ತೆಗೆದು ಕೇಬಲ್ಲನ್ನೂ ಒಮ್ಮೆಗೇ ಬಿಗಿದಿದ್ದರೆ ಕಾರು ಓಡುತ್ತಿತ್ತು, ನಿಜ. ಎರಡರಲ್ಲಿ ಯಾವುದರ ಪಾಲು ಎಷ್ಟೆಂಬುದು ಮಾತ್ರ ನಮಗೆ ತಿಳಿಯುತ್ತಿರಲಿಲ್ಲ.

ಪೆಡಲಿನ ಅಡಿಗೆ ಸರಿಯುವ ಯಾವ ವಸ್ತುವೂ ಬ್ರೇಕಿಗೂ ಅಡ್ಡಿಯಾಗಬಲ್ಲದು. ಬಿಳಿಗೆರೆಯ ಚಾಪೆ ಕ್ಲಚ್ಚಿನ ಕಡೆಗೆ ಸರಿದುದು ಅದೃಷ್ಟವೆಂದೇ ಹೇಳಬೇಕು. ಈ ಮಾತನ್ನು ಯಜಮಾನರಿಗೆ ಹೇಳಿದಾಗ ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಮುಂದಿನ ವಾರ ಹೊಸ ಕೇಬಲ್ಲು ಹಾಕಿಸಿ, ಮಡದಿಯನ್ನು ಅದೇ ಕಾರಿನಲ್ಲಿ ತಿಪಟೂರಿಗೆ ಕರೆದುಕೊಂಡು ಹೋಗಿ ಬಂದರೆಂದು ಮೊಮ್ಮಗ ಕಾಗದ ಬರೆದಿದ್ದಾನೆ. ನಾರಿನ ಚಾಪೆ ಈಗ ಮನೆಯ ಬಾಗಿಲಲ್ಲಿದೆಯಂತೆ. ತೋಟದಿಂದ ಬಂದವರು ಕೆಸರನ್ನು ಅಲ್ಲಿಯೇ ಒರೆಸಿ ಒಳಗೆ ಹೋಗುತ್ತಾರೆ.